ಕಾಲಿಂಚು ಜಾಸ್ತಿಯಾದ ಕೋವಿ ಹಿಡಿ

"ಏನ್ ಸಾರ್, ವೀಣೆ ಕಲೀತಾ ಇದೀರಾ?"

ಕೇಳಿದ್ದು ಭದ್ರಾವತಿ ಬಸ್ಸಿನ ಕಂಡಕ್ಟರ್. ನನ್ನ ತೊಡೆ ಮೇಲೆ ಹಳೇ ಬೆಡ್‌ಶೀಟಲ್ಲಿ ಸುತ್ತಿದ ಉದ್ದನೆ ಮರದ ವಸ್ತು. ಹೂಂ ಅಂದುಬಿಟ್ಟೆ. ಕೋವಿಯ ಹಿಡಿ ಅಂದಿದ್ರೆ ಇಡೀ ಬಸ್ಸು ನನ್ನ ಕಡೆ ತಿರುಗ್ತಿತ್ತು. (ಭುಜಕ್ಕೆ ಆನಿಸ್ತೀವಲ್ಲ, ಆ ಮರದ ಭಾಗ ಮಾತ್ರ. ಕೋವಿ ಶಿವಮೊಗ್ಗದಲ್ಲಿ, ಲೈಸೆನ್ಸ್ ಇರೋ ರಿಪೇರಿ ಅಂಗಡಿಯಲ್ಲಿ ಭದ್ರವಾಗಿತ್ತು. ಯಾರೂ ಸ್ಟೇಷನ್ನಿಗೆ ಫೋನ್ ಮಾಡಬೇಡಿ ಮಾರಾಯ್ರೆ.)

ಕೋವಿ ನನ್ನ ಸೋದರತ್ತೆ ಸರೋಜತ್ತೆಯದು. ಮಲವಗೊಪ್ಪದ ಆಚೆ ಅವಳಿಗೆ ಎರಡೆಕರೆ ಮೆಕ್ಕೆಜೋಳ. ತೆನೆ ಹಾಲು ತುಂಬೋ ಹೊತ್ತಿಗೆ ಸರಿಯಾಗಿ ಕಾಡುಹಂದಿಗಳು ಹಾಜರ್. ಮಾವ ತೀರಿಕೊಂಡ ಮೇಲೆ ಬೆಳೆ ಕಾಯೋ ಕೋವಿಯ ಲೈಸೆನ್ಸ್ ಅತ್ತೆ ಹೆಸರಿಗೆ ಬಂತು. ಸಂಜೆ ಗಾಳಿಗೊಂದು ಗುಂಡು ಹಾರಿಸಿದ್ರೆ ಹಂದಿಗಳು ಓಟ. ಕೋವಿ ಹಿಂದಕ್ಕೆ ಒದ್ದು ಅತ್ತೆ ಭುಜ ಮಾತ್ರ ನೀಲಿ.

"ಹಂದಿಗಿಂತ ಜಾಸ್ತಿ ಪೆಟ್ಟು ನನಗೇ ಬೀಳ್ತಿದೆ ಕಣೋ. ನಿಮ್ಮ ಮಾವ ಆರಡಿ ಆಳು. ಅವರ ಅಳತೆಯದು ನನಗೆಲ್ಲಿ ಹೊಂದತ್ತೆ?"

(ಮಾವ ನನ್ನಷ್ಟೇ ಎತ್ತರ ಇದ್ರು. ನಾನು ಐದಡಿ ಐದಿಂಚು. ಇರ್ಲಿ ಬಿಡಿ.)

ಡಾಕ್ಟರ್ ಕಡ್ಡಿ ಮುರಿದ ಹಾಗೆ ಹೇಳಿದ್ರು, "ಇನ್ನೊಂದು ಸಲ ಭುಜ ಊದಿಸ್ಕೊಂಡು ಬಂದ್ರೆ ಕೋವಿ ಮುಟ್ಟೋದೇ ಬೇಡ." ಕೋವಿ ಬಿಟ್ರೆ ಜೋಳ ಹಂದಿ ಪಾಲು. ಹಾಗಾಗಿ ಅತ್ತೆ ಅಳತೆಗೇ ಹೊಸ ಹಿಡಿ ಮಾಡಿಸೋದು ಅಂತಾಯ್ತು. ಮರಕ್ಕೂ ಅವಳದೊಂದು ಹಠ. ಅಡುಗೆಮನೆಗೆ ಮೇಜು ಮಾಡಿಸ್ತೀನಿ ಅಂತ ಮಾವ ತಂದು, ಮಂಚದ ಕೆಳಗಿಟ್ಟು, ಮರೆತೇಬಿಟ್ಟಿದ್ದ ಹಲಸಿನ ತುಂಡೇ ಆಗಬೇಕು. "ಮೇಜಂತೂ ಆಗ್ಲಿಲ್ಲ, ಇದಾದ್ರೂ ಆಗ್ಲಿ" ಅಂದಳು. ಇದ್ದದ್ದು ಅದೊಂದೇ. ಕೆಟ್ರೆ ಇನ್ನೊಂದು ತರೋಕೆ ಮಾವ ಇಲ್ಲ.

ಕೆತ್ತೋಕೆ ಸಿಕ್ಕವರು ಭದ್ರಾವತಿ ಜನ್ನಾಪುರದ ಏಳುಮಲೈ ಮೇಸ್ತ್ರಿ. ಫೌಂಡ್ರಿಯಲ್ಲಿ ಎರಕ ಹೊಯ್ಯೋಕೆ ಬೇಕಾದ ಮರದ ಪ್ಯಾಟರ್ನ್ (ಅಚ್ಚಿನ ಮಾದರಿ) ಮಾಡಿ ಮಾಡಿ ರಿಟೈರ್ ಆದವರು. ರಿಪೇರಿ ಅಂಗಡಿಯವರು ಅತ್ತೆ ಮೊಣಕೈ ಮಡಚಿಸಿ ಅಳೆದು, ಉದ್ದ ಹದಿಮೂರು ಇಂಚು ಅಂತ ಚೀಟಿ ಬರೆದುಕೊಟ್ಟಿದ್ರು. ಮೇಸ್ತ್ರಿ ಹಳೇ ಹಿಡಿ ಮುಂದಿಟ್ಕೊಂಡು ಎರಡು ವಾರ ಕೆತ್ತಿದ್ರು. ಎಂಥಾ ಕೆಲಸ ಅಂತೀರಿ! ಅತ್ತೆ ಅದನ್ನ ಮಗು ಎತ್ಕೊಂಡ ಹಾಗೆ ಶಿವಮೊಗ್ಗಕ್ಕೆ ಎತ್ಕೊಂಡು ಬಂದಳು.

ಅಂಗಡಿಯವರು ಟೇಪ್ ಇಟ್ಟು ನೋಡಿದ್ರು. "ಕಾಲಿಂಚು ಜಾಸ್ತಿ ಇದೆಯಲ್ಲ ಸಾರ್."

ಅತ್ತೆ ಮರ ಸವರ್ತಾ ಕೂತಳು. ನನಗೆ ಮೈಯೆಲ್ಲ ಉರಿದುಹೋಯ್ತು. ಅತ್ತೆಯನ್ನೂ ಕರ್ಕೊಂಡು, ಒಂದು ಟೇಪೂ ಜೇಬಿಗೆ ಹಾಕ್ಕೊಂಡು ಮತ್ತೆ ಭದ್ರಾವತಿ ಬಸ್ಸು ಹತ್ತಿದೆ. ಆ ವೀಣೆ ಪ್ರಸಂಗ ಆಗಿದ್ದು ಆಗಲೇ.

ಮೇಸ್ತ್ರಿ ತಮ್ಮ ಸ್ಟೀಲ್ ಸ್ಕೇಲ್ ತೆಗೆದಿಟ್ಟರು. "ನೋಡಿ ಸಾರ್, ಹದಿಮೂರು. ಕೂದಲೆಳೆ ಆಚೀಚೆ ಇಲ್ಲ. ನಿಮ್ಮ ಟೇಪ್ ಸಂತೇಲಿ ತಗೊಂಡಿದ್ದಾ?"

ನಾನು ಟೇಪ್ ಇಟ್ಟೆ. ಹದಿಮೂರೂಕಾಲು. ಅವರು ಸ್ಕೇಲ್ ಇಟ್ಟರು. ಹದಿಮೂರು. ಜಗಳ ಇನ್ನೇನು ರೋಡಿಗೆ ಬರಬೇಕು, ಅಷ್ಟರಲ್ಲಿ ಅತ್ತೆ ಎರಡನ್ನೂ ಕಿತ್ಕೊಂಡು ಪಕ್ಕಪಕ್ಕ ಇಟ್ಟಳು. ಮೇಸ್ತ್ರಿ ಹಣೆ ಹಣೆ ಚಚ್ಚಿಕೊಂಡ್ರು.

"ಅಯ್ಯೋ ಮುರುಗಾ! ಇದು ಫೌಂಡ್ರಿ ಸ್ಕೇಲಮ್ಮಾ!"

ಆಮೇಲೆ ವಿವರಿಸಿದ್ರು. ಕರಗಿಸಿ ಹೊಯ್ದ ಉಕ್ಕು ಆರಿದಾಗ ಕುಗ್ಗುತ್ತೆ. ಅದಕ್ಕೇ ಪ್ಯಾಟರ್ನ್ ಒಂಚೂರು ದೊಡ್ಡದಾಗಿ ಮಾಡ್ತಾರೆ. ಪ್ರತಿ ಸಲ ಲೆಕ್ಕ ಯಾಕೆ ಅಂತ ಸ್ಕೇಲಿನ ಇಂಚನ್ನೇ ದೊಡ್ಡದು ಮಾಡಿಟ್ಟಿರ್ತಾರೆ! ಸರ್ವಿಸ್ ಪೂರ್ತಿ ಹಿಡಿದ ಸ್ಕೇಲು. ಕೈ ತಾನಾಗೇ ಅದನ್ನೇ ಎತ್ಕೊಂಡಿದೆ.

"ಈಗೇನು ಗತಿ?" ಅಂದಳು ಅತ್ತೆ.

"ಜಾಸ್ತಿ ತಾನೇ ಆಗಿರೋದು? ಕಮ್ಮಿ ಆಗಿದ್ರೆ ಮುರುಗನೂ ಕೈ ಎತ್ತಿಬಿಡ್ತಿದ್ದ." ಕೋವಿಯ ಕಬ್ಬಿಣದ ಭಾಗ ಕೂರೋ ಜಾಗವನ್ನ ಹಳೇ ಹಿಡಿ ಪಕ್ಕಕ್ಕಿಟ್ಟೇ ಗುರುತು ಹಾಕಿ ಕೆತ್ತಿದ್ರಂತೆ. ಅಲ್ಲಿಗೆ ಸ್ಕೇಲೇ ಹೋಗಿರಲಿಲ್ಲ. ಹಿಂದುಗಡೆಯಿಂದ ಕಾಲಿಂಚು ಕೊಯ್ದು, ಉಜ್ಜಿ ಕೊಟ್ಟರು. ಅಷ್ಟೇ. ಉಸ್ಸಪ್ಪಾ! ನಾನು ಅಲ್ಲೇ ಜಗಲಿ ಮೇಲೆ ಕೂತು ಎರಡು ಲೋಟ ನೀರು ಕುಡಿದೆ.

ಮೇಸ್ತ್ರಿನ ಬೈಯೋಕೆ ಬಾಯಿ ಬರಲಿಲ್ಲ. ನಮ್ಮನೇಲೂ ಇದೇ ಕಥೆ ತಾನೇ? ನನ್ನ ಹೆಂಡತಿ ಟೀಚರ್, ಮದುವೆ ಕಾರ್ಡ್ ಬಂದ್ರೂ ಕೆಂಪು ಪೆನ್ ಹುಡುಕ್ತಾಳೆ. ಕೆಲಸದ ಸ್ಕೇಲನ್ನ ಕೆಲಸದಲ್ಲೇ ಬಿಟ್ಟು ಬಂದವರು ಯಾರಾದ್ರೂ ಇದ್ರೆ ತೋರಿಸಿ, ನೋಡೋಣ.

ಮೊನ್ನೆ ಸಂಜೆ ಅತ್ತೆ ಫೋನ್. "ಹಾರಿಸಿದೆ ಕಣೋ! ಭುಜ ಇದೆಯೋ ಇಲ್ವೋ ಅಂತ ಮುಟ್ಟಿ ನೋಡ್ಕೊಂಡೆ. ಏನೂ ಆಗಿಲ್ಲ!" ನನ್ನ ಕಣ್ಣಲ್ಲಿ ನೀರೇ ಬಂತು. ಹಳೇ ಹಿಡಿ ಏನ್ ಮಾಡೋದು ಅಂತ ಕೇಳಿದೆ.

"ಜೋಪಾನ ಮಾಡಿಟ್ಟಿದೀನಿ. ಆರಡಿ ಆಳಿಂದು, ಇನ್ಯಾರಿಗೆ ಆಗತ್ತೆ ಹೇಳು?"

ಹೌದತ್ತೆ ಅಂದೆ. ಅವಳ ಸ್ಕೇಲು ಮಾವನನ್ನ ಏಳಿಂಚು ಉದ್ದ ತೋರಿಸತ್ತೆ. ಅದಕ್ಕೆ ಗರಗಸ ಹಾಕೋಕೆ ನಾನ್ಯಾರು?