ಬಾ ಅಲಾಂಗ್ ಪಕ್ಕಕ್ಕೆ ಸರಿದು ನಿಂತದ್ದು

ಒಂದೇ ಬೆಳಗ್ಗೆ ವಯಸ್ಸಾದವರೊಬ್ಬರಿಗೆ ಇಪ್ಪತ್ತು ಸಲವಾದರೂ ಹೇಳಿದ್ದೇನೆ: ‘ತೆಪಿ ಸಿಕಿತ್, ಪಾಕ್.’ ಇಲ್ಲಿನವರ ಮಾತಿನಲ್ಲಿ, ಸ್ವಲ್ಪ ಪಕ್ಕಕ್ಕೆ ಸರೀರಿ, ಯಜಮಾನರೇ.

ಇಪ್ಪತ್ತು ಸಲವೂ ಅವರು ಸರಿದರು. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ. ಕೇಳಿದ್ದರೆ ನಾನೇನು ಹೇಳುತ್ತಿದ್ದೆ? ನೀವು ನಿಂತರೆ ಮರದ ಅಂದ ಕೆಡುತ್ತದೆ ಎಂದೇ?

ನನ್ನ ಕ್ಯಾಮೆರಾ ಹುಚ್ಚು ಈ ಅಂಕಣ ಓದುವವರಿಗೆ ಹೊಸದಲ್ಲ. ಊರು ಬಿಟ್ಟು ಬಂದು, ವಾರವಿಡೀ ಈ ಪರದೇಶದ ಬಯಾನ್ ಲೆಪಾಸಿನ ಫ್ಯಾಕ್ಟರಿಯಲ್ಲಿ ಉಗುರಿಗಿಂತ ಸಣ್ಣ ಚಿಪ್‌ಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡುವವಳಿಗೆ ಶನಿವಾರ ಬಂದರೆ ಕತ್ತೆತ್ತಿ ನೋಡುವಂಥದ್ದು ಏನಾದರೂ ಬೇಕು. ಮರ ಅದಕ್ಕೆ ಹೇಳಿ ಮಾಡಿಸಿದಂತಿದೆ. ಕಣ್ಣು ಮುಚ್ಚುವುದಿಲ್ಲ, ಅವಸರ ಮಾಡುವುದಿಲ್ಲ, ‘ನಾನು ದಪ್ಪ ಕಾಣ್ತಿದ್ದೀನಾ’ ಎಂದು ಕೇಳುವುದಿಲ್ಲ. (ನನ್ನ ಗಂಡನ ಫೋಟೋ ತೆಗೆದು ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.)

ಕಳೆದ ವರ್ಷ ನಮ್ಮ ಕ್ಯಾಮೆರಾ ಗುಂಪಿನವರು ಒಂದು ಸ್ಪರ್ಧೆ ಇಟ್ಟರು. ವಿಷಯ: ಮರ. ನಾನು ನಮ್ಮ ಅಪಾರ್ಟ್‌ಮೆಂಟಿನ ಸುತ್ತಮುತ್ತಲಿನ ಮರಗಳನ್ನೆಲ್ಲ ಮುಗಿಸಿ ಕೈಚೆಲ್ಲಿ ಕೂತಿದ್ದಾಗ ದಾರಿ ತೋರಿಸಿದವಳು ಸೆಲ್ವಿ. ಫ್ಯಾಕ್ಟರಿಯಲ್ಲಿ ನನ್ನ ಲೈನಿನಲ್ಲೇ ಕೆಲಸ ಮಾಡುತ್ತಾಳೆ, ಇಲ್ಲೇ ಹುಟ್ಟಿ ಬೆಳೆದ ತಮಿಳು ಹೆಂಗಸು. ಅವಳ ಗಂಡ ಪೆರಾಕ್ ಕಡೆಯ ಬೆಟ್ಟದ ಹಳ್ಳಿಯೊಂದರಿಂದ ದುರಿಯನ್ ಎಂಬ ಮುಳ್ಳುಮುಳ್ಳಾದ, ಘಾಟು ವಾಸನೆಯ ಹಣ್ಣು ತಂದು ಮಾರುತ್ತಾನೆ.

‘ಪಾರ್ಕಿನ ಮರಾನೆಲ್ಲ ಏನು ತೆಗೀತೀರಿ ಅಕ್ಕಾ? ನಮ್ಮೋರ ಜೊತೆ ಲಾರೀಲಿ ಹೋಗಿ ಬನ್ನಿ. ಅಲ್ಲಿ ಮರ ಅಂದ್ರೆ ಮರ ಲಾ’ ಎಂದಳು, ಇಲ್ಲಿನವರಂತೆ ಕೊನೆಗೊಂದು ‘ಲಾ’ ಸೇರಿಸಿ.

ಹೋದೆ. ಹದಿಮೂರು ವರ್ಷದ ಮಗಳು ಅನಘಾಳನ್ನೂ ಎಳೆದುಕೊಂಡು ಹೋದೆ.

ಆ ಹಳ್ಳಿ ಒರಾಂಗ್ ಅಸ್ಲಿಗಳದು. ಈ ನೆಲದ ಮೂಲನಿವಾಸಿಗಳು, ನಮ್ಮಂಥವರು ಬರುವುದಕ್ಕೆ ಎಷ್ಟೋ ಕಾಲ ಮೊದಲಿನಿಂದ ಇಲ್ಲಿರುವವರು. ನಮಗೆ ಮರ ತೋರಿಸಲು ನಿಂತಿದ್ದವರ ಹೆಸರು ಬಾ ಅಲಾಂಗ್. (‘ಬಾ’ ಎನ್ನುವುದು ಅವರಲ್ಲಿ ಗಂಡಸರ ಹೆಸರಿಗೆ ಗೌರವದಿಂದ ಸೇರಿಸುವ ಮಾತು. ಯಾರಾದರೂ ಅವರನ್ನು ಕರೆದಾಗಲೆಲ್ಲ ಅನಘಾಗೆ ನಗು.) ಎಪ್ಪತ್ತು ದಾಟಿದವರು. ಇಸ್ತ್ರಿ ಮಾಡಿದ ನೀಲಿ ಶರ್ಟು ಹಾಕಿಕೊಂಡು, ನೀರು ಹಚ್ಚಿ ತಲೆ ಬಾಚಿಕೊಂಡು ಕಾಯುತ್ತಿದ್ದರು. ಅತಿಥಿಗಳು ಬರುತ್ತಾರೆಂದು ಇರಬೇಕು ಅಂದುಕೊಂಡೆ. ಫೋಟೋಕ್ಕೆ ಎಂದು ನನಗೆ ಹೊಳೆಯಲೇ ಇಲ್ಲ.

ಮನೆಗಳ ಹಿಂದಿನ ಇಳಿಜಾರಿನಲ್ಲಿ ದುರಿಯನ್ ಮರಗಳು. ತುದಿ ಕಾಣಬೇಕಾದರೆ ಕುತ್ತಿಗೆ ನೋಯುವಷ್ಟು ಎತ್ತರ. ನಡುನಡುವೆ ಅವರೆಯಂಥ ಉದ್ದುದ್ದ ಕೋಡು ನೇತುಬಿಟ್ಟ ಪೆತಾಯ್ ಮರಗಳು. ನನ್ನ ಕಣ್ಣಿಗೆ ಅದು ಕಾಡು. ಮಂಜು ಇನ್ನೂ ಹರಿದಿರಲಿಲ್ಲ. ಎಲೆಗಳ ನಡುವಿನಿಂದ ಬೆಳಕು ಕೋಲುಕೋಲಾಗಿ ಇಳಿಯುತ್ತಿತ್ತು. ಫೋಟೋ ತೆಗೆಯುವವರಿಗೆ ಇಂಥ ಬೆಳಕು ವರ್ಷಕ್ಕೊಮ್ಮೆ ಸಿಕ್ಕರೆ ಹೆಚ್ಚು.

ಬಾ ಅಲಾಂಗ್ ಪ್ರತಿ ಮರದ ಹತ್ತಿರವೂ ಹೋಗುತ್ತಿದ್ದರು. ಕಾಂಡದ ಮೇಲೆ ಅಂಗೈ ಇಟ್ಟು, ನನ್ನ ಕಡೆ ನೆಟ್ಟಗೆ ನಿಂತು, ಏನೋ ಹೇಳುತ್ತಿದ್ದರು. ಸೆಲ್ವಿಯ ಗಂಡ ಅದರಲ್ಲಿ ಕಾಲುಭಾಗ ಮಾತ್ರ ನನಗೆ ದಾಟಿಸುತ್ತಿದ್ದ. ‘ಇದು ಅವರಮ್ಮ ನೆಟ್ಟಿದ್ದಂತೆ.’ ‘ಇದು ತಮ್ಮ ಹುಟ್ಟಿದಾಗ ಇಟ್ಟಿದ್ದು. ತಮ್ಮ ಈಗಿಲ್ಲ. ಇದರ ಹಣ್ಣು ಮಾರಲ್ಲ, ಮನೆಯವರೇ ತಿಂತಾರೆ.’

ನಾನು ಹೂಂ ಹೂಂ ಎಂದೆ. ಕಣ್ಣು ಬೆಳಕಿನ ಮೇಲಿತ್ತು. ಇನ್ನರ್ಧ ಗಂಟೆಯಲ್ಲಿ ಮಂಜು ಹರಿದರೆ ಎಲ್ಲ ಮುಗಿಯಿತು.

‘ತೆಪಿ ಸಿಕಿತ್, ಪಾಕ್.’

ಹೊರಡುವಾಗ ಅವರು ಒಂದೇ ಒಂದು ಪ್ರಶ್ನೆ ಕೇಳಿದರು. ‘ಇದೆಲ್ಲ ಕಾಗದದ ಮೇಲೆ ಬರುತ್ತಾ?’ ಬರುತ್ತೆ, ಕಳಿಸ್ತೀನಿ ಎಂದೆ. ಆ ವಾರ ಚೆನ್ನಾಗಿ ಬಂದ ನಾಲ್ಕನ್ನು ಸೆಲ್ವಿಯ ಫೋನಿಗೆ ಕಳಿಸಿದೆ. ಕಾಗದದ ವಿಷಯ ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಆಮೇಲೆ ನೋಡೋಣ ಅಂದುಕೊಂಡೆ. ನಾವು ಮಾತು ತಪ್ಪುವುದು ಹೆಚ್ಚಾಗಿ ಹೀಗೆಯೇ ಅಲ್ಲವೇ?

ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂತು. ‘ಮನುಷ್ಯನ ಸುಳಿವೇ ಇಲ್ಲದ ಕಾಡು, ಅದೇ ಇದರ ಸೊಗಸು’ ಎಂದು ತೀರ್ಪುಗಾರರು ಬರೆದಿದ್ದರು. ಆ ಸಾಲನ್ನು ನಾನು ಮೂರು ದಿನ ಸ್ಟೇಟಸ್ಸಿನಲ್ಲಿ ಇಟ್ಟುಕೊಂಡಿದ್ದೆ.

ಎಂಟು ತಿಂಗಳು ಕಳೆದಿರಬೇಕು. ಒಂದು ದಿನ ಕ್ಯಾಂಟೀನಿನಲ್ಲಿ ಸೆಲ್ವಿ ಊಟದ ಪೊಟ್ಟಣ ಬಿಚ್ಚದೆ ಕೂತಿದ್ದಳು.

‘ಅಕ್ಕಾ, ಬಾ ಅಲಾಂಗ್ ಅವರ ಮರ ಎಲ್ಲ ಹೋಯ್ತು.’

‘ಹೋಯ್ತು ಅಂದ್ರೆ?’

‘ಕಡಿದ್ರು. ಬುಲ್ಡೋಜರ್ ತಂದು ಮೂರೇ ದಿನದಲ್ಲಿ. ಯಾವುದೋ ಕಂಪನಿಗೆ ತೋಟ ಮಾಡೋಕೆ ಸರ್ಕಾರದೋರು ಜಾಗ ಕೊಟ್ಟಿದ್ದಾರಂತೆ. ಅದು ಖಾಲಿ ಕಾಡು, ಯಾರದ್ದೂ ಅಲ್ಲ ಅಂತಾರೆ.’

ಅಂದು ಸಂಜೆ ಬಾ ಅಲಾಂಗ್ ಅವರ ಮಗಳು ರೋಸ್ನಾ ಫೋನ್ ಮಾಡಿದಳು. ಹಳ್ಳಿಯ ಶಿಶುವಿಹಾರದಲ್ಲಿ ಪಾಠ ಹೇಳುವವಳು, ಇಂಗ್ಲಿಷ್ ಬರುತ್ತದೆ. ಊರಿನವರು ಕೋರ್ಟಿಗೆ ಹೋಗುತ್ತಿದ್ದಾರಂತೆ. ಆ ಮರಗಳನ್ನು ಯಾರು ನೆಟ್ಟರು, ಯಾರು ಕಾಪಾಡಿದರು ಎಂದು ತೋರಿಸಬೇಕಂತೆ. ಅವರ ಬಳಿ ಪತ್ರಗಳಿಲ್ಲ. ಮರಗಳೇ ಪತ್ರ.

‘ಮ್ಯಾಡಮ್, ಅಪ್ಪ ಒಂದೊಂದು ಮರದ ಪಕ್ಕದಲ್ಲೂ ನಿಂತ್ಕೊಂಡಿದ್ರಂತಲ್ಲ. ಆ ಫೋಟೋಗಳು ನಿಮ್ಮ ಹತ್ರ ಇವೆ ಅಂದ್ರು.’

‘ಇವೆ, ಬೇಕಾದಷ್ಟಿವೆ’ ಎಂದೆ. ಹೆಮ್ಮೆಯಿಂದಲೇ ಎಂದೆ, ಸುಳ್ಳು ಯಾಕೆ ಹೇಳಲಿ.

ಹಾರ್ಡ್ ಡಿಸ್ಕ್ ತೆರೆದೆ. ಇನ್ನೂರಕ್ಕೂ ಹೆಚ್ಚು ಫೋಟೋ. ಮರ, ಮರ, ಮಂಜು, ಬೇರು, ತೊಗಟೆ, ಮರ. ಒಂದರಲ್ಲೂ ಬಾ ಅಲಾಂಗ್ ಇಲ್ಲ. ಮತ್ತೆ ಮೊದಲಿನಿಂದ ನೋಡಿದೆ. ‘ಒಂದರಲ್ಲಾದ್ರೂ ಇರತ್ತೆ, ನಿಧಾನಕ್ಕೆ ನೋಡೇ’ ಎಂದರು ನಮ್ಮವರು. ಇರುವುದಾದರೂ ಹೇಗೆ? ಅವರು ಸರಿಯುವ ಮೊದಲೇ ಬಟನ್ ಒತ್ತಿಹೋಗಿದ್ದ ಏಳೆಂಟು ಫೋಟೋಗಳನ್ನು ವಾಪಸು ಬರುವಾಗ ಲಾರಿಯಲ್ಲೇ ಕೂತು ಡಿಲೀಟ್ ಮಾಡಿದ್ದೆ. ಹಾಳಾದವು ಎಂದು.

ಇದ್ದಷ್ಟನ್ನು ಅವರ ವಕೀಲೆಗೆ ಕಳಿಸಿದೆ. ಮರುದಿನ ಆಕೆಯೇ ಫೋನ್ ಮಾಡಿದರು. ಮೆಲುದನಿಯ ಹೆಂಗಸು.

‘ಫೋಟೋ ತುಂಬಾ ಚೆನ್ನಾಗಿವೆ, ಮ್ಯಾಡಮ್. ಆದ್ರೆ ಇವನ್ನ ನಾನು ಕೋರ್ಟಿಗೆ ಕೊಡಲ್ಲ.’

‘ಯಾಕೆ?’

‘ಎದುರಿನವರು ಹೇಳ್ತಿರೋದೂ ಇದನ್ನೇ ಅಲ್ವಾ? ಇಲ್ಲಿ ಯಾರೂ ಇರಲಿಲ್ಲ ಅಂತ.’

ಫೋನ್ ಇಟ್ಟು ಆ ಫೋಟೋಗಳನ್ನು ಮತ್ತೆ ತೆರೆದೆ. ಮರಗಳನ್ನು ಕಡಿದವರು ಕಡಿಯುವ ಮೊದಲು ಒಂದು ಕೆಲಸ ಮಾಡಬೇಕಿತ್ತು: ಆ ಜಾಗದಲ್ಲಿ ಮನುಷ್ಯರು ಕಾಣದಂತೆ ಮಾಡಬೇಕಿತ್ತು. ಅದನ್ನು ನಾನು ಅವರಿಗಿಂತ ಎಂಟು ತಿಂಗಳು ಮೊದಲೇ, ಯಾರೂ ಹೇಳದೆ, ಪ್ರೀತಿಯಿಂದ ಮಾಡಿ ಮುಗಿಸಿದ್ದೆ.

ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ಅನಘಾ ತನ್ನ ಫೋನು ಮುಂದೆ ಹಿಡಿದಳು.

‘ಅಮ್ಮಾ, ಐ ಹ್ಯಾವ್ ಒನ್.’

ಸೆಲ್ಫಿ. ದುರಿಯನ್ ವಾಸನೆಗೆ ಮೂಗು ಹಿಡಿದುಕೊಂಡು ನಾಲಿಗೆ ಚಾಚಿದ್ದಾಳೆ. ಅರ್ಧ ಫೋಟೋ ಅವಳ ಮುಖವೇ. ಅವಳ ಹಿಂದೆ, ಕಾಂಡದ ಮೇಲೆ ಅಂಗೈ ಇಟ್ಟುಕೊಂಡು, ನೀಲಿ ಶರ್ಟಿನ ಬಾ ಅಲಾಂಗ್ ನಗುತ್ತಿದ್ದಾರೆ. ತಾರೀಖು, ಜಾಗ ಎಲ್ಲ ಫೋನಿನಲ್ಲೇ ದಾಖಲಾಗಿದೆ. ವಕೀಲೆ ಅದನ್ನು ಇಟ್ಟುಕೊಂಡರು. ಒಂದು ಮರಕ್ಕೆ ಸಾಕ್ಷಿ ಸಿಕ್ಕಿತು. ಉಳಿದವಕ್ಕೆ ಸಿಗಲಿಲ್ಲ.

ಮುಂದಿನ ಶನಿವಾರ ಫೋಟೋಗಳನ್ನೆಲ್ಲ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೋದೆ. ಕಾಗದದ ಮೇಲೆ. ಹಳ್ಳಿಯ ಹಿಂದೆ ಈಗ ಬರೀ ಕೆಂಪು ಮಣ್ಣು. ಮಳೆಗೆ ಕೊಚ್ಚಿಕೊಂಡು ಬಂದ ಆ ಮಣ್ಣು ಮನೆಗಳ ಮೆಟ್ಟಿಲವರೆಗೂ ಇತ್ತು.

ಬಾ ಅಲಾಂಗ್ ಬೈಯಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ನಾನು ‘ಮಾಫ್, ಪಾಕ್’ ಎಂದೆ, ಕ್ಷಮಿಸಿ ಎಂದು. ಅವರು ತಲೆಯಾಡಿಸಿದರು. ಕ್ಷಮಿಸಿದ್ದೇನೆ ಎಂದೋ, ಈಗ ಹೇಳಿ ಏನು ಎಂದೋ ತಿಳಿಯಲಿಲ್ಲ. ಪ್ರಿಂಟುಗಳನ್ನು ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ನೋಡುತ್ತ ಹೋದರು. ‘ಇದು ಅಮ್ಮಂದು.’ ‘ಇದು ತಮ್ಮಂದು.’ ‘ಇದು ರೋಸ್ನಾ ಹುಟ್ಟಿದಾಗ.’ ನಾನು ಈ ಸಲ ಪೆನ್ಸಿಲ್ ಹಿಡಿದು ಹಿಂಬದಿಯಲ್ಲಿ ಬರೆದುಕೊಳ್ಳುತ್ತ ಹೋದೆ. ಕೊನೆಯಲ್ಲಿ ಒಂದನ್ನು ಹಿಡಿದು ಬಹಳ ಹೊತ್ತು ನೋಡಿದರು. ತಿರುಗಿಸಿ ನೋಡಿದರು. ಮಗಳಿಗೆ ತೋರಿಸಿದರು. ಅವಳಿಗೂ ಗೊತ್ತಾಗಲಿಲ್ಲ.

‘ಇದು ಯಾವ ಮರ?’ ಎಂದು ನನ್ನನ್ನೇ ಕೇಳಿದರು.

ಬಹುಮಾನ ಬಂದ ಫೋಟೋ ಅದು. ನೆಲಕ್ಕೆ ಮಲಗಿ, ಲೆನ್ಸ್ ಬದಲಿಸಿ, ಬುಡದಿಂದ ಮೇಲಕ್ಕೆ ತೆಗೆದದ್ದು. ಹುಟ್ಟಿದಾಗಿನಿಂದ ಅದರಡಿ ಓಡಾಡಿದವರಿಗೆ ತಮ್ಮ ಮರದ ಗುರುತು ಸಿಗಲಿಲ್ಲ. ನನಗೂ ನೆನಪಿರಲಿಲ್ಲ. ಆ ಪ್ರಿಂಟಿನ ಹಿಂಬದಿ ಖಾಲಿಯೇ ಉಳಿಯಿತು.

ಕೇಸು ಇನ್ನೂ ನಡೆಯುತ್ತಿದೆ. ಗೆದ್ದರೂ ಮರಗಳು ಬರುವುದಿಲ್ಲ. ದುರಿಯನ್ ಸಸಿ ಆ ಎತ್ತರ ಬೆಳೆಯುವುದನ್ನು ಬಾ ಅಲಾಂಗ್ ನೋಡುವುದಿಲ್ಲ. ನಾನೂ ನೋಡುವುದಿಲ್ಲ.

ಕಳೆದ ವಾರ ರೋಸ್ನಾ ಮತ್ತೆ ಕರೆದಳು. ಪಕ್ಕದ ಕಣಿವೆಯಲ್ಲಿ ಅವರದೇ ಜನರ ಇನ್ನೊಂದು ಹಳ್ಳಿಯಿದೆ. ಅಲ್ಲಿಗೂ ಜಾಗ ಅಳೆಯುವವರು ಬಂದು ಹೋಗಿದ್ದಾರೆ. ಬುಲ್ಡೋಜರ್ ಇನ್ನೂ ಬಂದಿಲ್ಲ. ಹೋದೆ. ಈ ಸಲ ಬೆಳಕು ನೋಡಲಿಲ್ಲ. ನೆತ್ತಿಯ ಮೇಲಿನ ಬಿಸಿಲಿನಲ್ಲಿ, ದಪ್ಪ ಗೊತ್ತಾಗಲೆಂದು ಕಾಂಡಕ್ಕೆ ಅಳತೆ ಟೇಪು ಸುತ್ತಿ, ನೆಟ್ಟವರ ಹೆಸರು ಬರೆದ ಹಲಗೆ ಕೊಟ್ಟು, ಮನೆಯವರನ್ನು ಮರದ ಪಕ್ಕ ನಿಲ್ಲಿಸಿ ತೆಗೆದೆ. ಪೊಲೀಸ್ ಸ್ಟೇಷನ್ನಿನ ಫೋಟೋಗಳ ಹಾಗಿವೆ. ನಮ್ಮ ಗುಂಪಿಗೆ ಕಳಿಸಿದರೆ ನನ್ನನ್ನು ಹೊರಗೆ ಹಾಕುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಒಬ್ಬ ಅಜ್ಜಿ ಬಂದರು. ಬೆನ್ನು ಬಾಗಿತ್ತು. ತಮ್ಮ ಪೆತಾಯ್ ಮರಕ್ಕೆ ಒರಗಿ, ಹಲಗೆಯನ್ನು ಎದೆಗೆ ಹಿಡಿದು, ಸೆರಗಿನಂಥ ಬಟ್ಟೆಯಿಂದ ಮುಖ ಒರೆಸಿಕೊಂಡು ಸಿದ್ಧರಾದರು. ನಾನು ಕ್ಯಾಮೆರಾ ಕಣ್ಣಿಗೆ ಹಿಡಿದೆ. ಅವರು ರೋಸ್ನಾಳ ಕಡೆ ತಿರುಗಿ ಏನೋ ಕೇಳಿದರು. ರೋಸ್ನಾ ನನಗೆ ಇಂಗ್ಲಿಷಿನಲ್ಲಿ ಹೇಳಿದಳು:

‘ಅಜ್ಜಿ ಕೇಳ್ತಿದ್ದಾರೆ, ನಗಬೇಕಾ ಅಂತ.’