ಒಂದು ಸೈಜ್ ದೊಡ್ಡದು

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೋಟನೂರಿನ ಮನೆಯಿಂದ ಅಪ್ಪ ಮತ್ತು ನಾನು ಬೈಕಿನಲ್ಲಿ ಹೊರಟೆವು. ಓಡಿಸುವವಳು ನಾನು, ಹಿಂದೆ ಕೂತವನು ಅಪ್ಪ. ಹೋಗಬೇಕಿದ್ದದ್ದು ಕಮಲಾಪುರಕ್ಕೆ, ಒಂದು ಕಡೆಗೆ ನಲವತ್ತು ಕಿಲೋಮೀಟರಿಗೂ ತುಸು ಹೆಚ್ಚು. ಅಲ್ಲಿನ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡುವವರು ಏಳೂವರೆಗೇ ಬಂದು ಕೂರುತ್ತಾರೆ. ಆಟೊ, ಬಸ್ಸು ಹಿಡಿದು ಆ ಹೊತ್ತಿಗೆ ಮುಟ್ಟುವುದು ಆಗದ ಮಾತು. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೊಬ್ಬಳೇ. ಮೂರು ವರ್ಷದ ಬಿ.ಎಸ್ಸಿ.ಗೆ ಐದು ವರ್ಷ ಹಿಡಿಯಿತು. ಹಾಗೆ ದಕ್ಕಿದ ಕೆಲಸ ಬಿಡಲು ನಾನು ತಯಾರಿರಲಿಲ್ಲ.

"ಒಮ್ಮೆ ಬಿಸಲಾಗ ಹೋಗಿ ಬರೋಣು. ನನಗ ಧೈರ್ಯ ಬಂದ್ರ ದಿನಾ ಹೋಗು. ಇಲ್ಲಂದ್ರ ಆ ಕೆಲಸದ ಮಾತ ಬ್ಯಾಡ," ಎಂದು ಅಪ್ಪ ಷರತ್ತು ಹಾಕಿದ್ದ.

ಹಿಂದಿನ ಸಂಜೆ ಸೂಪರ್ ಮಾರ್ಕೆಟ್ ಹತ್ತಿರ ರಫೀಕ್ ಚಾಚಾನ ಹೆಲ್ಮೆಟ್, ಜಾಕೆಟ್ಟಿನ ಅಂಗಡಿಗೆ ಹೋಗಿದ್ದೆವು. ನನ್ನ ಕಣ್ಣು ಬಿದ್ದದ್ದು ಕಪ್ಪು ಚರ್ಮದ ಜಾಕೆಟ್ಟಿನ ಮೇಲೆ.

"ಬೇಟಿ, ಈ ಗರ್ಮಿಯಾಗ ಇದನ್ನ ಹಾಕ್ಕೊಂಡು ಹೋದ್ರ ಕಮಲಾಪುರ ಮುಟ್ಟೂದ್ರಾಗ ಬಿರಿಯಾನಿ ಆಗ್ತಿ," ಎಂದು ಚಾಚಾ ನಕ್ಕು, ಜಾಲರಿ ಬಟ್ಟೆಯ ಜಾಕೆಟ್ ತೆಗೆದ. ಗಾಳಿ ಆಡುತ್ತದೆ, ಹೆಗಲಿಗೂ ಮೊಣಕೈಗೂ ಒಳಗೆ ಗಟ್ಟಿ ಪ್ಯಾಡು.

ಅಪ್ಪ ಖೂಬಾ ಪ್ಲಾಟಿನಲ್ಲಿ ಮೂವತ್ತು ವರ್ಷದಿಂದ ಟೇಲರ್. ತೋಳು ಚಿವುಟಿ ನೋಡಿ, "ಬಿಗಿ ಆಗ್ಯಾದ. ಒಂದು ಸೈಜ್ ದೊಡ್ಡದು ಕೊಡ್ರಿ," ಎಂದ. ಹೆಲ್ಮೆಟ್ಟಿಗೂ ಅದೇ. ಬಿಸಿಲಿಗೆ ನಾವು ಹೆಗಲ ಮೇಲಿನ ವಸ್ತ್ರವನ್ನೇ, ದಸ್ತಿಯನ್ನು, ಒದ್ದೆ ಮಾಡಿ ತಲೆಗೆ ಕಟ್ಟಿಕೊಳ್ಳುವವರು. ತನ್ನ ದಸ್ತಿಯನ್ನು ನನ್ನ ತಲೆಗೆ ಸುತ್ತಿ, ಅದರ ಮೇಲೆ ಹೆಲ್ಮೆಟ್ ಇಟ್ಟು ನೋಡಿದ.

"ಮಾಸ್ತರ್, ಇದು ಶರ್ಟ್ ಅಲ್ರೀ. ಬರೇ ತಲಿಗೆ ಬಿಗಿ ಕೂಡಬೇಕು."

"ಅಳತಿ ನನಗ ಕಲಸ್ತೀರೇನು?"

ಚಾಚಾ ನನ್ನ ಕಡೆ ತಿರುಗಿದ. "ಓದಿದಾಕಿ ನೀ ಇದ್ದಿ. ನೀ ಹೇಳು."

ನನ್ನ ಶಾಲೆಯ ಸಮವಸ್ತ್ರವನ್ನು ಅಪ್ಪ ಯಾವಾಗಲೂ ದೊಡ್ಡದಾಗಿಯೇ ಹೊಲಿದು, ಹೆಚ್ಚಿನ ಬಟ್ಟೆಯನ್ನು ಒಳಗೆ ಮಡಚುತ್ತಿದ್ದ. ಪ್ರತಿ ಜೂನಿಗೆ ಒಂದಿಷ್ಟು ಬಿಚ್ಚುತ್ತಿದ್ದ. ಆ ಮಡಿಕೆಗಳಲ್ಲೇ ನಾನು ಹತ್ತನೆಯ ಇಯತ್ತೆ ಮುಟ್ಟಿದ್ದು. "ದೊಡ್ಡದ ಇರ್ಲಿ ಚಾಚಾ," ಎಂದೆ.

ಹುಮನಾಬಾದ ರಸ್ತೆ ಹಿಡಿದಾಗ ಗಾಳಿ ಒಲೆಯ ಬಾಯಿಂದ ಬಂದಂತೆ ಬರುತ್ತಿತ್ತು. ಅವರಾದ ದಾಟುವಷ್ಟರಲ್ಲಿ ದಸ್ತಿ ಒಣಗಿ, ಕೂದಲ ಮೇಲಿಂದ ಜಾರಿ ಕುತ್ತಿಗೆಯಲ್ಲಿ ಮುದ್ದೆಯಾಯಿತು. ಸಡಿಲಾದ ಹೆಲ್ಮೆಟ್ಟನ್ನು ಒಂದು ಕೈಯಿಂದ ಹಿಂದಕ್ಕೆ ದೂಡುತ್ತಾ ಓಡಿಸಿದೆ. ನಿಲ್ಲಿಸಿ ಮತ್ತೆ ಕಟ್ಟಿಕೊಳ್ಳಬೇಕಿತ್ತು. ಅಪ್ಪ ಹಿಂದೆ ಕೂತು ಪರೀಕ್ಷೆ ಮಾಡುತ್ತಿದ್ದಾನೆ ಎಂಬ ಹಟಕ್ಕೆ ನಿಲ್ಲಿಸಲಿಲ್ಲ. ಮಹಾಗಾಂವ ಕ್ರಾಸಿನ ಬಳಿ ರಸ್ತೆಯುಬ್ಬು ಹಾರಿದಾಗ ಹೆಲ್ಮೆಟ್ ಕಣ್ಣಿನ ಮೇಲೆ ಇಳಿಯಿತು. ಏನೂ ಕಾಣದೆ ಬ್ರೇಕ್ ಒತ್ತಿದೆ. ಗಾಡಿ ಖಡಿಕಲ್ಲಿನ ಮೇಲೆ ಜಾರಿ ಎಡಕ್ಕೆ ಮಲಗಿತು.

ಅಪ್ಪನಿಗೆ ಬರೀ ಧೂಳು ಮೆತ್ತಿತ್ತು. ನನ್ನ ಜಾಕೆಟ್ಟಿನ ಎಡ ತೋಳು ಹರಿದು, ಮೊಣಕೈ ತೊಗಲು ಕಿತ್ತುಹೋಗಿತ್ತು. ಪ್ಯಾಡು ಸಡಿಲ ತೋಳಿನೊಳಗೆ ಸರಿದು ಮುಂಗೈ ಹತ್ತಿರ ಹೋಗಿ ಕೂತಿತ್ತು.

ಅಪ್ಪ ನನ್ನನ್ನು ಬೇವಿನ ಗಿಡದ ಕೆಳಗೆ ಕೂರಿಸಿ, ಗಾಡಿ ಎತ್ತಿ ನಿಲ್ಲಿಸಿದ. ಕೆಲಸ ಹೋಯಿತು ಎಂದುಕೊಂಡೆ.

"ಹೊಳ್ಳಿ ಹೋಗೋಣೇನು?" ಎಂದ.

"ಅರ್ಧಕ್ಕಿಂತ ಹೆಚ್ಚು ಬಂದೀವಿ ಯಪ್ಪಾ."

ಅವನು ತನ್ನ ಹೆಗಲ ಮೇಲಿದ್ದ ಇನ್ನೊಂದು ದಸ್ತಿಯನ್ನು ಹರಿದು, ಬಾಟಲಿ ನೀರಿನಲ್ಲಿ ಗಾಯ ತೊಳೆದು ಕಟ್ಟಿದ. ಪ್ಯಾಡನ್ನು ಮೊಣಕೈಗೆ ತಂದು ತೋಳಿನ ಮೇಲೆ ಉಳಿದ ಪಟ್ಟಿಯಿಂದ ಎರಡು ಕಡೆ ಬಿಗಿದ. ತಲೆಯ ದಸ್ತಿಯನ್ನು ಮತ್ತೆ ತೋಯಿಸಿ, ಗದ್ದದ ಕೆಳಗೆ ಗಂಟು ಹಾಕಿದ.

ಕಮಲಾಪುರದಲ್ಲಿ ಲ್ಯಾಬಿಗೆ ಬೀಗವಿತ್ತು. ಬೋರ್ಡು ನೋಡಿದೆವು, ಅಷ್ಟೆ. ಕೆಂಪು ಬಾಳೆಹಣ್ಣಿನ ಬುಟ್ಟಿಯ ಮುಂದೆ ಕೂತು ಎರಡೆರಡು ತಿಂದೆವು.

"ಏನವ್ವಾ, ಹೊಸಾ ಜಾಕೆಟ್ ಹಾಕ್ಕೊಂಡೂ ಕೈ ಕೆತ್ತಿಸ್ಕೊಂಡು ಬಂದೀಯಲ್ಲ!" ಎಂದಳು ಹಣ್ಣಿನಾಕೆ.

"ತಪ್ಪು ಆಕೀದಲ್ಲ ಬಿಡವ್ವಾ, ಟೇಲರಂದು," ಎಂದ ಅಪ್ಪ.

ವಾಪಸ್ ಬರುವಾಗ ಎರಡು ಸಲ ನಿಲ್ಲಿಸಿ ದಸ್ತಿ ತೋಯಿಸಿದೆವು. ನಾಲ್ಕಕ್ಕೆ ಚಾಚಾನ ಅಂಗಡಿ. ಅವನು ನನ್ನ ಕೈ ನೋಡಿ ತಮಾಷೆ ಮಾಡಲಿಲ್ಲ. "ತಲಿಗೆ ಬಡದದೇನು?" ಎಂದು ಮಾತ್ರ ಕೇಳಿದ. ಇಲ್ಲವೆಂದ ಮೇಲೆ ಹೆಲ್ಮೆಟ್ ಬದಲಿಸಿ ಕೊಟ್ಟ. ಬರೀ ತಲೆಗೆ ಹಾಕಿದೆ. ಕೆನ್ನೆ ಒತ್ತಿತು. ತಲೆ ಅಲ್ಲಾಡಿಸಿದರೆ ಜೊತೆಗೇ ಅಲ್ಲಾಡಿತು. ಹರಿದ ಜಾಕೆಟ್ ವಾಪಸ್ ಆಗುವಂತಿರಲಿಲ್ಲ.

"ಅದು ನನಗ ಬಿಡ್ರಿ," ಎಂದ ಅಪ್ಪ.

ಖೂಬಾ ಪ್ಲಾಟಿನ ತನ್ನ ಅಂಗಡಿಯ ಬಾಗಿಲು ತೆಗೆದು, ನನ್ನ ಕೈ ಮಡಚಿಸಿ, ಬಿಚ್ಚಿಸಿ, ಸೀಮೆಸುಣ್ಣದಿಂದ ಗುರುತು ಹಾಕಿದ. ಎರಡೂ ತೋಳು ಒಳಗೆ ಹಿಡಿದು ಹೊಲಿದ. ಹರಿದಲ್ಲಿ ತೇಪೆ ಹಾಕಿದ. ಆಮೇಲೆ ಕತ್ತರಿ ತೆಗೆದುಕೊಂಡು ಒಳಗೆ ಉಳಿದ ಬಟ್ಟೆಯನ್ನು ಹೊಲಿಗೆಯ ಸಮೀಪದವರೆಗೂ ಕತ್ತರಿಸಿಬಿಟ್ಟ. ಅವನು ಒಳಮಡಿಕೆಯ ಬಟ್ಟೆ ಕತ್ತರಿಸಿದ್ದು ನಾನು ಆವರೆಗೆ ನೋಡಿರಲಿಲ್ಲ.

"ಇನ್ನ ಬಿಚ್ಚಾಕ ಬರಂಗಿಲ್ಲಲ್ಲ ಯಪ್ಪಾ."

"ಬ್ಯಾಡ. ಇಷ್ಟ ನಿನ್ನ ಅಳತಿ." ಜಾಕೆಟ್ ಝಾಡಿಸಿ ನನ್ನ ಕೈಗೆ ಕೊಟ್ಟ. "ನಾಳೆ ಎಷ್ಟಕ್ಕ ಹೊಂಡ್ತಿ?"

"ಆರಕ್ಕ."

ಅವನು ನೆಲದ ಮೇಲಿನ ಜಾಲರಿ ತುಂಡುಗಳನ್ನು ಎಂದಿನಂತೆ ಆರಿಸಲೂ ಇಲ್ಲ, ಚಿಂದಿಯ ಚೀಲಕ್ಕೆ ಹಾಕಲೂ ಇಲ್ಲ. ಬಾಗಿಲು ಎಳೆದು, ಬೈಕಿನ ಹಿಂದೆ ಹತ್ತಿ ಕೂತ.