ಹುಲಿಗೆಪ್ಪನ ಕಿವಿ

ನಿವೃತ್ತರಾದ ಮೇಲೆ ಮಾಳಿಂಗಪ್ಪ ಮಾಸ್ತರರಿಗೆ ದೇವದುರ್ಗದ ಮನೆಯಲ್ಲಿ ಹೊತ್ತೇ ಹೋಗಲೊಲ್ಲದು. ಕವಿತಾಳ, ಮಾನ್ವಿ ಎಂದು ಜೀವಮಾನವೆಲ್ಲ ಮಕ್ಕಳಿಗೆ ಅಕ್ಷರ ತಿದ್ದಿಸಿದವರು. 1979ರಲ್ಲಿ ಹಾರ ಹಾಕಿ, ಶಾಲು ಹೊದಿಸಿ ಕಳಿಸಿದ ಮೇಲೆ ಅಡುಗೆಮನೆಗೆ ನುಗ್ಗಿ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸತೊಡಗಿದರು. 'ಯಾಕ್ರೀ, ಇವಕ್ಕೂ ಪ್ರಾರ್ಥನಿ ಹೇಳಸ್ತೀರೇನು?' ಎಂದು ಹೆಂಡತಿ ಬಂಡೆಮ್ಮ ಹೊರಗಟ್ಟಿದಳು.

ಹನುಮಪ್ಪನ ಗುಡಿಕಟ್ಟೆಯ ಮೇಲೆ ಸಂಜೆ ಹೊತ್ತು ದೊಡ್ಡವರ ಶಾಲೆ ತೆರೆದರು. ಬಂದವರು ನಾಲ್ಕೈದು ಮಂದಿ. ಜೋಳದ ಕೊಯ್ಲು ಶುರುವಾದದ್ದೇ ತಡ, ಒಬ್ಬೊಬ್ಬರೇ ಕರಗಿ ಹುಲಿಗೆಪ್ಪ ಒಬ್ಬನೇ ಉಳಿದ. ಹತ್ತಿ ಅಂಗಡಿಯ ಹಮಾಲ, ಮೊಮ್ಮಕ್ಕಳನ್ನು ಕಂಡವನು. ಮಾಸ್ತರರ ಜೀವವೆಲ್ಲ ಅವನ ಸ್ಲೇಟಿನ ಮೇಲಿತ್ತು. ಅವನೂ ಬಿಟ್ಟರೆ ತಾವು ಯಾರಿಗೂ ಬೇಡದ ಬರೀ ಮುದುಕ ಎಂದು ಅವರಿಗೆ ಗೊತ್ತಿತ್ತು.

ಒಂದು ಸಂಜೆ, ಹಗಲೆಲ್ಲ ಚೀಲ ಹೊತ್ತು ದಣಿದಿದ್ದ ಹುಲಿಗೆಪ್ಪ ಕೂತಲ್ಲೇ ತೂಕಡಿಸಿದ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಮಾಸ್ತರಿಕೆಯ ಗುಣವೂ ಹಾಗೆಯೇ. ಕೈ ತಾನಾಗಿ ಹೋಗಿ ಕಿವಿ ಹಿಡಿದು ತಿರುವಿತು. 'ಎದ್ದು ನಿಂದರಲೇ!' ಎಂದುಬಿಟ್ಟರು. ಐವತ್ತು ದಾಟಿದ ಆಸಾಮಿ ಕೈಕಟ್ಟಿ ಎದ್ದು ನಿಂತ. ಆಗಲೇ ಕೊಡ ಹೊತ್ತು ಬರುತ್ತಿದ್ದ ಅವನ ಸೊಸೆ ಅಂಬಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಹುಲಿಗೆಪ್ಪ ಸ್ಲೇಟನ್ನು ಕಟ್ಟೆಯ ಮೇಲಿಟ್ಟು, ಕೈಮುಗಿದು ಹೊರಟುಹೋದ.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಕೊನೆಗೆ ಮಾಸ್ತರರೇ ಅವನ ಮನೆಗೆ ಹೋದರು. ಹುಲಿಗೆಪ್ಪ ಕಂಬಳಿ ಹಾಸಿ ಕೂರಿಸಿ, ಬೆಲ್ಲ ನೀರು ಕೊಟ್ಟ.

'ನಂದು ತಪ್ಪಾತು, ಹುಲಿಗೆಪ್ಪ.'

'ಗುರುಗಳು ಹಂಗ ಅನಬಾರದ್ರೀ, ನಮಗ ಪಾಪ ಹತ್ತತದ.'

'ಹಂಗಾರ ನಾಳಿ ಬಾ.'

'ಸೊಸಿ ನಕ್ಕಾಳ್ರೀ ಯಪ್ಪಾ. ಮನ್ಯಾಗ ನನ್ನ ಮಾತು ನಡೀಬೇಕಲ್ರೀ.'

ಅವನು ಬೈದಿದ್ದರೆ ಮಾಸ್ತರರು ಕಾಲು ಹಿಡಿದಾದರೂ ಕರೆತರುತ್ತಿದ್ದರು. ಇಷ್ಟು ಮರ್ಯಾದೆ ಕೊಡುವವನಿಗೆ ಏನು ಹೇಳುವುದು? ನೀರು ಕುಡಿದು ಎದ್ದರು. ಶಾಲೆ ಅಲ್ಲಿಗೇ ಮುಗಿಯಿತು.

ಬೇಸಿಗೆಯಲ್ಲೊಮ್ಮೆ ಹುಲಿಗೆಪ್ಪ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕ. ತಲೆಯ ವಸ್ತ್ರ ತೆಗೆದು ಕಾಲು ಮುಟ್ಟಿ, 'ಇದು ರಾಯಚೂರಿಗೆ ಹೊಂಟದೇನ್ರೀ?' ಎಂದ. ಬೋರ್ಡು ಅವನ ಮೂಗಿನ ಮುಂದೆಯೇ ಇತ್ತು. ಮಾಸ್ತರರು ಓದಿ ಹೇಳಿದರು.

'ನೀವದೀರಲ್ರೀ ಯಪ್ಪಾ. ನಮಗ್ಯಾಕ ಬೇಕ್ರೀ ಅಕ್ಷರ?' ಎಂದು ತುಂಬು ಪ್ರೀತಿಯಿಂದ ಹೇಳಿ ಹುಲಿಗೆಪ್ಪ ಬಸ್ಸು ಹತ್ತಿದ.